ಕಲ್ಲನ್ನು ಕಣ್ಣಾರೆ ಕಂಡವರು ಯಾರು? ರೋಮನ್ ಶಾಸನಗಳು ಎಐ ಕೈಗೆ ಬಂದಾಗ

2025ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಒಂದು ಮನೆಯ ಹಿತ್ತಲಲ್ಲಿ ಗಿಡಗಂಟಿ ತೆಗೆಯುವಾಗ ಅಮೃತಶಿಲೆಯ ಹಲಗೆಯೊಂದು ಸಿಕ್ಕಿತು. ಅದರ ಮೇಲೆ ಲ್ಯಾಟಿನ್ ಬರಹವಿತ್ತು. ಓದಿ ನೋಡಿದರೆ ಅದು ಸೆಕ್ಸ್ಟುಸ್ ಕೊಂಗೇನಿಯುಸ್ ವೇರುಸ್ ಎಂಬ ರೋಮನ್ ನೌಕಾಸೈನಿಕನ ಸಮಾಧಿಗಲ್ಲು. ಥ್ರೇಸ್ ಸೀಮೆಯವನು, ಮಿಸೇನುಮ್ ನೌಕಾಪಡೆಯ 'ಅಸ್ಕ್ಲೇಪಿಯುಸ್' ಎಂಬ ಹಡಗಿನಲ್ಲಿದ್ದವನು, 42 ವರ್ಷ ಬಾಳಿ 22 ವರ್ಷ ಸೇವೆ ಮಾಡಿದವನು, ವಾರಸುದಾರರಿಬ್ಬರು ಕಲ್ಲು ನಿಲ್ಲಿಸಿದರು ಎಂದು ಅದರಲ್ಲಿದೆ.

ಕಲ್ಲು ಅಸಲಿಯೋ, ಯಾರೋ ಕೆತ್ತಿದ ನಕಲೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಳೆಯ ದಾಖಲೆಗಳಲ್ಲಿ. ಈ ಪಾಠ, ಅಂದರೆ ಕಲ್ಲಿನ ಮೇಲಿನ ಬರಹ, ಆಗಲೇ ಅಚ್ಚಾಗಿತ್ತು. 1860ರ ದಶಕದಲ್ಲಿ ರೋಮ್‌ನ ವಾಯವ್ಯಕ್ಕಿರುವ ಚಿವಿತಾವೆಕ್ಯ ಬಂದರಿನಲ್ಲಿ, ನೌಕಾಸೈನಿಕರ ಹಳೆಯ ಸ್ಮಶಾನವೊಂದರಲ್ಲಿ ಅದು ಸಿಕ್ಕಿತ್ತು. ಆಮೇಲೆ ಊರಿನ ಮ್ಯೂಸಿಯಂ ಸೇರಿತ್ತು. ಎರಡನೇ ಮಹಾಯುದ್ಧದ ಬಾಂಬ್ ದಾಳಿಗೆ ಮ್ಯೂಸಿಯಂ ಹಾಳಾದಾಗ ಕಾಣೆಯಾಗಿತ್ತು. ಮ್ಯೂಸಿಯಂ ದಾಖಲೆಯ ಅಳತೆಯೂ ಹಿತ್ತಲಲ್ಲಿ ಸಿಕ್ಕ ಕಲ್ಲಿನ ಅಳತೆಯೂ ಹೊಂದಿದವು. ಕಲ್ಲನ್ನು ಕಣ್ಣಾರೆ ಕಂಡು, ಅಳೆದು, ಎಲ್ಲಿ ಸಿಕ್ಕಿತೆಂದು ಬರೆದಿಟ್ಟವರು ಇದ್ದದ್ದರಿಂದ ಅದು ಇಟಲಿಯ ಸೊತ್ತೆಂದು ಗೊತ್ತಾಯಿತು.

ಅದೇ ವರ್ಷದ ಜುಲೈನಲ್ಲಿ ರೋಮನ್ ಶಾಸನಗಳ ಲೋಕದಲ್ಲಿ ಇನ್ನೊಂದು ಸುದ್ದಿ ಬಂತು. ಗೂಗಲ್ ಡೀಪ್‌ಮೈಂಡ್ ಸಂಸ್ಥೆ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಮೊದಲಾದ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕಟ್ಟಿದ 'ಈನಿಯಸ್' ಎಂಬ ಎಐ ಮಾದರಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಡೆದ ಲ್ಯಾಟಿನ್ ಶಾಸನದ ಕಳೆದುಹೋದ ಅಕ್ಷರಗಳನ್ನು ಅದು ಊಹಿಸುತ್ತದೆ, ಶಾಸನದ ಕಾಲ ಮತ್ತು ಪ್ರಾಂತ್ಯವನ್ನು ಸೂಚಿಸುತ್ತದೆ, ಹೋಲುವ ಬೇರೆ ಶಾಸನಗಳನ್ನು ಹುಡುಕಿಕೊಡುತ್ತದೆ. ಈ ಉಪಕರಣ ನಿಜಕ್ಕೂ ಉಪಯುಕ್ತ. ಆದರೆ ಊಹೆಯ ಅಕ್ಷರ ಕಲ್ಲಿನ ಅಕ್ಷರದ ಪಕ್ಕದಲ್ಲಿ ಕುಳಿತಾಗ ಅವೆರಡನ್ನು ಬೇರೆಬೇರೆಯಾಗಿ ಇಡುವುದು ಹೇಗೆ ಎಂಬ ಪ್ರಶ್ನೆ ಐನೂರು ವರ್ಷಗಳಷ್ಟು ಹಳೆಯದು. ಅದಕ್ಕೆ ಉತ್ತರ ಕಂಡುಕೊಳ್ಳಲು ಯುರೋಪಿನ ವಿದ್ವಾಂಸರಿಗೆ ಮೂರು ಶತಮಾನ ಹಿಡಿಯಿತು. ಆ ಉತ್ತರವನ್ನು ಈಗ ದತ್ತಾಂಶದ ಕಡತಗಳಲ್ಲಿ ಉಳಿಸಿಕೊಳ್ಳದಿದ್ದರೆ ಹಳೆಯ ಅನಾಹುತವೇ ಮರುಕಳಿಸುತ್ತದೆ. ಈ ಸಲ ಅದಕ್ಕೆ ಯಾರ ಕೆಟ್ಟ ಉದ್ದೇಶವೂ ಬೇಕಾಗುವುದಿಲ್ಲ.

ಯಂತ್ರ ಮಾಡುವುದೇನು

ಈನಿಯಸ್ ಕಲಿತದ್ದು 1,76,861 ಲ್ಯಾಟಿನ್ ಶಾಸನಗಳಿಂದ, ಸುಮಾರು 1.6 ಕೋಟಿ ಅಕ್ಷರಗಳಿಂದ. ಇವು ರೋಮ್, ಹೈಡೆಲ್‌ಬರ್ಗ್ ಮತ್ತು ಕ್ಲೌಸ್-ಸ್ಲಾಬಿ ಎಂಬ ಮೂರು ಶಾಸನ ಡೇಟಾಬೇಸ್‌ಗಳಿಂದ ಬಂದವು. ಚಿತ್ರ ಇದ್ದದ್ದು ಶೇ. 5ರಷ್ಟಕ್ಕೆ ಮಾತ್ರ. ಚಿತ್ರವನ್ನು ಬಳಸುವುದು ಪ್ರಾಂತ್ಯ ಗುರುತಿಸುವಾಗಲಷ್ಟೇ, ಅಕ್ಷರ ತುಂಬುವಾಗ ಅಲ್ಲ. 62 ಪ್ರಾಂತ್ಯಗಳಲ್ಲಿ ಸರಿಯಾದುದನ್ನು ಅದು ಶೇ. 72ರಷ್ಟು ಸಲ ಹೇಳುತ್ತದೆ. ಕಾಲನಿರ್ಣಯದಲ್ಲಿ ವಿದ್ವಾಂಸರು ಕೊಟ್ಟ ಅವಧಿಗಿಂತ ಸರಾಸರಿ 13 ವರ್ಷ ಆಚೀಚೆ ಇರುತ್ತದೆ. ಹತ್ತು ಅಕ್ಷರಗಳವರೆಗಿನ ಅಂತರವನ್ನು ತುಂಬುವಲ್ಲಿ ಶೇ. 73, ಅಂತರ ಎಷ್ಟುದ್ದ ಎಂದೇ ತಿಳಿಯದಿದ್ದರೆ ಶೇ. 58.

ಈ ಶೇ. 73 ಎಂಬ ಅಂಕಿಯನ್ನು ಪತ್ರಿಕಾ ವರದಿಗಳು ಬಹಳ ಸಡಿಲವಾಗಿ ಬಳಸಿದವು. ಯಂತ್ರ ಕೊಡುವ ಮೊದಲ 20 ಸಲಹೆಗಳಲ್ಲಿ ಸರಿಯಾದ ಪಾಠ ಎಲ್ಲಾದರೂ ಇದ್ದರೆ ಅದನ್ನು ಗೆಲುವೆಂದು ಎಣಿಸಿದ ಲೆಕ್ಕ ಅದು. ಇಪ್ಪತ್ತರಲ್ಲಿ ಯಾವುದು ಸರಿ ಎಂದು ಆರಿಸುವವರು ಮನುಷ್ಯರೇ. ಇನ್ನೊಂದು ವಿಷಯ: ಪರೀಕ್ಷೆಯಲ್ಲಿ ಬಳಸಿದ ಅಂತರಗಳು ಉಳಿದಿರುವ ಪಾಠದಲ್ಲೇ ಬೇಕೆಂದು ಮರೆಮಾಡಿದವು. ಹಾಗೆ ಮಾಡದೆ ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡಲು ಬೇರೆ ದಾರಿಯಿಲ್ಲ. ಆದರೆ ಕಲ್ಲು ನಿಜವಾಗಿ ಒಡೆಯುವುದು ಹೆಚ್ಚಾಗಿ ಅಂಚಿನಲ್ಲಿ, ಮೂಲೆಯಲ್ಲಿ. ಅಲ್ಲಿ ಇರುವುದು ಸಾಲಿನ ಮೊದಲು ಕೊನೆಗಳು, ಅನೇಕ ವೇಳೆ ವ್ಯಕ್ತಿಯ ಹೆಸರು. ಹೆಸರನ್ನು ಯಾವ ಸೂತ್ರವೂ ಹೇಳಿಕೊಡುವುದಿಲ್ಲ.

ಮಾದರಿಯ ನಿಜವಾದ ಶಕ್ತಿ ಇರುವುದು ಹೋಲಿಕೆ ಹುಡುಕುವಲ್ಲಿ. ಪ್ರಯೋಗದಲ್ಲಿ ಭಾಗವಹಿಸಿದ 23 ಶಾಸನತಜ್ಞರಿಗೆ ಅದು ಕೊಟ್ಟ ಸಮಾನ ಶಾಸನಗಳು ಹತ್ತರಲ್ಲಿ ಒಂಬತ್ತು ಸಲ ಸಂಶೋಧನೆಗೆ ಆರಂಭಬಿಂದುವಾಗಿ ಒದಗಿದವು. ಜರ್ಮನಿಯ ಮೈಂಜ್ ಊರಿನ, ಕ್ರಿ.ಶ. 211ರ ಒಂದು ಬಲಿಪೀಠದ ಶಾಸನವನ್ನು ಕೊಟ್ಟಾಗ ಅದೇ ಊರಿನ 197ರ ಇನ್ನೊಂದು ಬಲಿಪೀಠವನ್ನು ಯಂತ್ರ ಮುಂದಿಟ್ಟಿತು. ಎರಡರಲ್ಲೂ ಅಪರೂಪದ ಒಂದೇ ಒಕ್ಕಣೆಯಿತ್ತು. ಇಂಥ ಜೋಡಿಯನ್ನು ಗುರುತಿಸಲು ಒಬ್ಬ ವಿದ್ವಾಂಸನಿಗೆ ಗ್ರಂಥಾಲಯದಲ್ಲಿ ವಾರಗಟ್ಟಲೆ ಬೇಕಾದೀತು. ಚಕ್ರವರ್ತಿ ಆಗಸ್ಟಸ್‌ನ ಆತ್ಮವೃತ್ತಾಂತ ಶಾಸನದ ಕಾಲವನ್ನು ಕೇಳಿದಾಗ ಅದು ಒಂದೇ ಇಸವಿ ಹೇಳಲಿಲ್ಲ. ಕ್ರಿ.ಪೂ. 10-1ರ ಸುತ್ತ ಒಂದು ಸಣ್ಣ ಶಿಖರ, ಕ್ರಿ.ಶ. 10-20ರ ಸುತ್ತ ದೊಡ್ಡ ಶಿಖರ ಇರುವ ನಕ್ಷೆಯನ್ನು ಕೊಟ್ಟಿತು. ವಿದ್ವಾಂಸರ ನಡುವೆ ಇರುವ ಭಿನ್ನಾಭಿಪ್ರಾಯವೂ ಹೀಗೇ ಎರಡು ಕವಲಾಗಿದೆ. ಉತ್ತರವನ್ನು ಸಂಭವದ ಹರವಾಗಿ ಕೊಡುವುದು ಒಳ್ಳೆಯ ಕ್ರಮ. ಪಾಠ ತುಂಬುವಾಗಲೂ ಈ ಕ್ರಮ ಕಡತದವರೆಗೆ ಉಳಿಯಬೇಕು.

ಲಿಗೋರಿಯೊ: ಖಾಲಿ ಜಾಗ ಸಹಿಸದ ಕೈ

ರೋಮನ್ ಶಾಸನಗಳನ್ನು ಸಂಗ್ರಹಿಸುವ ಹವ್ಯಾಸ ಹಳೆಯದು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿರುವ ಒಂಬತ್ತನೇ ಶತಮಾನದ ಹಸ್ತಪ್ರತಿಯಲ್ಲೇ ರೋಮ್ ನಗರದ ಶಾಸನಗಳ ನಕಲುಗಳಿವೆ. ಹದಿನೈದನೇ ಶತಮಾನದಲ್ಲಿ ಅಂಕೋನದ ಚಿರಿಯಾಕೊ ಎಂಬ ವ್ಯಾಪಾರಿ ಊರೂರು ಅಲೆದು ಬರೆದುಕೊಂಡ. ಅವನಂಥವರು ಬರೆದುಕೊಂಡ ಎಷ್ಟೋ ಕಲ್ಲುಗಳು ಆಮೇಲೆ ಸುಣ್ಣದ ಗೂಡಿಗೆ ಹೋದವು, ಗೋಡೆಯೊಳಗೆ ಸೇರಿದವು. ಇಂದು ಅವಕ್ಕೆ ಸಾಕ್ಷಿ ಆ ಹಸ್ತಪ್ರತಿಗಳು ಮಾತ್ರ. ಹಾಗಾಗಿ ನಕಲು ಮಾಡಿದವನು ನಂಬಿಕಸ್ಥನೇ ಎಂಬುದು ಇಡೀ ಶಾಸ್ತ್ರದ ಬುಡಕ್ಕೆ ಸಂಬಂಧಿಸಿದ ಪ್ರಶ್ನೆ.

ಈ ಪ್ರಶ್ನೆಯನ್ನು ಅತ್ಯಂತ ತೀವ್ರವಾಗಿ ಎದುರಿಗಿಟ್ಟವನು ಪಿರ್ರೊ ಲಿಗೋರಿಯೊ. ನೇಪಲ್ಸ್‌ನಲ್ಲಿ ಹುಟ್ಟಿದ ಈ ಚಿತ್ರಕಾರ, ವಾಸ್ತುಶಿಲ್ಪಿ 1583ರಲ್ಲಿ ಫೆರಾರದಲ್ಲಿ ತೀರಿಕೊಂಡ. ತಿವೊಲಿಯ ವಿಲ್ಲಾ ಡೆಸ್ಟೆ ಉದ್ಯಾನದ ವಿನ್ಯಾಸ ಅವನದು. ಮೈಕೆಲ್ಯಾಂಜೆಲೊ ಸತ್ತ ಮೇಲೆ ಸೇಂಟ್ ಪೀಟರ್ಸ್ ಕಟ್ಟಡದ ಹೊಣೆಯೂ ಕೆಲಕಾಲ ಅವನ ಹೆಗಲೇರಿತ್ತು. 1561ರಲ್ಲಿ ಅವನು ಅಚ್ಚುಹಾಕಿಸಿದ ಪ್ರಾಚೀನ ರೋಮ್‌ನ ದೊಡ್ಡ ನಕ್ಷೆ ಹೆಸರುವಾಸಿ. ಹೇಡ್ರಿಯನ್ ಚಕ್ರವರ್ತಿಯ ತಿವೊಲಿ ಅರಮನೆಯ ಅವಶೇಷಗಳ ಬಗ್ಗೆ ಅವನು ಬರೆದ ವಿವರಗಳನ್ನು ಇವತ್ತಿಗೂ ಬಿಟ್ಟು ನಡೆಯುವಂತಿಲ್ಲ. ಅವನ ಹಸ್ತಪ್ರತಿಗಳು ಹತ್ತಾರು ದಪ್ಪ ಸಂಪುಟಗಳಾಗಿ ನೇಪಲ್ಸ್ ಮತ್ತು ತುರಿನ್‌ಗಳಲ್ಲಿವೆ. ಅವನನ್ನು ಬರೀ ಮೋಸಗಾರ ಎಂದು ತಳ್ಳಿಹಾಕಿದರೆ ವಿಷಯ ಅರ್ಥವಾಗುವುದಿಲ್ಲ.

ಅವನು ಮಾಡಿದ್ದು ಹೀಗೆ. ಅರ್ಧ ಉಳಿದ ನಿಜವಾದ ಶಾಸನವನ್ನು ತನ್ನ ಊಹೆಯಿಂದ ಪೂರ್ತಿ ಮಾಡಿ, ಊಹೆ ಎಂಬ ಗುರುತೇ ಇಲ್ಲದೆ ಬರೆದ. ಎರಡು ನಿಜ ಶಾಸನಗಳ ತುಂಡು ಬೆಸೆದು ಮೂರನೆಯದನ್ನು ಮಾಡಿದ. ಗ್ರಂಥಗಳಲ್ಲಿ ಓದಿದ ಹೆಸರು, ಹುದ್ದೆಗಳನ್ನಿಟ್ಟು ಹೊಸ ಶಾಸನ ಹೊಸೆದ. ಯಾರ ತೋಟದಲ್ಲಿ ಕಂಡೆ, ಯಾವ ರಸ್ತೆಯ ಬದಿಯಲ್ಲಿತ್ತು ಎಂಬ ವಿವರವನ್ನೂ ಸೇರಿಸಿದ. ಬಹುಪಾಲು ಕಾಗದದ ಮೇಲೆಯೇ ಉಳಿದವು, ಕೆಲವು ಕಲ್ಲಿಗೂ ಇಳಿದವು. ಒಡೆದ ಕಟ್ಟಡದ ಎರಡು ಕಂಬ ನೋಡಿ ಇಡೀ ದೇವಾಲಯವನ್ನು ಬರೆಯುವುದು ವಾಸ್ತುಶಿಲ್ಪಿಯಾಗಿ ಅವನ ನಿತ್ಯದ ಕೆಲಸ. ಅದೇ ಕೈ ಪಠ್ಯಕ್ಕೂ ಹಾಗೆಯೇ ಮಾಡಿತು ಎಂದು ಹೇಳುವ ವಿದ್ವಾಂಸರಿದ್ದಾರೆ, ಅದರಲ್ಲಿ ಸತ್ಯವಿದೆ ಎನಿಸುತ್ತದೆ. ಆದರೆ ಉದ್ದೇಶ ಏನೇ ಇದ್ದರೂ ಓದುವವನಿಗೆ ಆದ ನಷ್ಟ ಒಂದೇ: ಯಾವುದು ಕಲ್ಲಿನದು, ಯಾವುದು ಲಿಗೋರಿಯೊನದು ಎಂದು ತಿಳಿಯುವ ದಾರಿ ಮುಚ್ಚಿಹೋಯಿತು.

ಅವನ ಸಮಕಾಲೀನರಿಗೆ ಅನುಮಾನ ಬಾರದೆ ಇರಲಿಲ್ಲ. ಸ್ಪೇನಿನ ಆಂತೋನಿಯೊ ಅಗುಸ್ತಿನ್ ಇವನಿಗೆ ಲ್ಯಾಟಿನ್ ಸರಿಯಾಗಿ ಬರುವುದಿಲ್ಲ ಎಂದು ಬರೆದೇ ಇಟ್ಟ. ಆದರೂ ಅವನ ಪಾಠಗಳು ಹರಡಿದವು. ಫ್ಲಾಂಡರ್ಸ್‌ನ ಮಾರ್ಟಿನ್ ಸ್ಮೇಟಿಯುಸ್ ರೋಮ್‌ನಲ್ಲಿದ್ದಾಗ ಲಿಗೋರಿಯೊನಿಂದ ಶಾಸನಗಳ ನಕಲುಗಳನ್ನು ಪಡೆದ. ಸ್ಮೇಟಿಯುಸ್ ಶಿಸ್ತಿನ ಮನುಷ್ಯ, ತಾನು ಕಂಡದ್ದು ಯಾವುದು, ಬೇರೆಯವರು ಕೊಟ್ಟದ್ದು ಯಾವುದು ಎಂದು ಬೇರ್ಪಡಿಸಿ ಬರೆದವನು. ಅವನ ಸಂಗ್ರಹ 1588ರಲ್ಲಿ ಅಚ್ಚಾಯಿತು. ಅದೂ ಇತರ ಸಂಗ್ರಹಗಳೂ ಸೇರಿ ಯಾನ್ ಗ್ರೂಟರ್‌ನ 1603ರ ಬೃಹತ್ ಸಂಕಲನವಾಯಿತು, ಹನ್ನೆರಡು ಸಾವಿರದಷ್ಟು ಶಾಸನಗಳು. ಜೋಸೆಫ್ ಸ್ಕಾಲಿಗರ್ ಅದಕ್ಕೆ ವಿಸ್ತಾರವಾದ ಸೂಚಿಗಳನ್ನು ಮಾಡಿಕೊಟ್ಟ. ಹುಸಿ ಹೆಸರೊಂದು ಸೂಚಿಯೊಳಗೆ ಹೋಯಿತೆಂದರೆ ಅದಕ್ಕೆ ಬೇರೆಯೇ ಬಲ ಬರುತ್ತದೆ. ಆ ಹೆಸರಿನವನು 'ಇನ್ನೊಂದು ಶಾಸನದಲ್ಲೂ ಬರುತ್ತಾನೆ' ಎಂದು ಮುಂದಿನವರು ಬರೆಯುತ್ತಾರೆ. ಪುಸ್ತಕದಿಂದ ಪುಸ್ತಕಕ್ಕೆ ದಾಟುವಾಗ 'ಇಂಥವನಿಂದ ಬಂದದ್ದು' ಎಂಬ ಟಿಪ್ಪಣಿ ಉದುರಿ ಪಾಠ ಮಾತ್ರ ಉಳಿಯುತ್ತದೆ. ಹದಿನೆಂಟನೇ ಶತಮಾನದ ಮುರತೋರಿಯ ಸಂಕಲನದವರೆಗೂ ಇದೇ ನಡೆಯಿತು.

ನಕ್ಷತ್ರ ಚಿಹ್ನೆ

ಬದಲಾವಣೆ ತಂದವರು ಜರ್ಮನಿಯ ಇತಿಹಾಸಕಾರ ಥಿಯೊಡೋರ್ ಮೊಮ್ಸೆನ್. ಕಾನೂನು ಓದಿದವರು, ಮುಂದೆ 1902ರಲ್ಲಿ ನೊಬೆಲ್ ಪಡೆದವರು. ಸಾನ್ ಮರೀನೊದಲ್ಲಿದ್ದ ಹಿರಿಯ ವಿದ್ವಾಂಸ ಬೊರ್ಗೇಸಿಯ ಮಾರ್ಗದರ್ಶನದಲ್ಲಿ ನೇಪಲ್ಸ್ ರಾಜ್ಯದ ಶಾಸನಗಳನ್ನು ಊರೂರಿಗೆ ಹೋಗಿ ನೋಡಿ 1852ರಲ್ಲಿ ಪ್ರಕಟಿಸಿದರು. ಅದೇ ಮಾದರಿಯಲ್ಲಿ 1853ರಲ್ಲಿ ಬರ್ಲಿನ್ ಅಕಾಡೆಮಿಯ ಲ್ಯಾಟಿನ್ ಶಾಸನಗಳ ಮಹಾಸಂಕಲನ, ಅಂದರೆ ಸಿಐಎಲ್, ಶುರುವಾಯಿತು. ಇವತ್ತಿಗೆ ಅದರಲ್ಲಿ 17 ಸಂಪುಟಗಳು, ಸುಮಾರು 1,80,000 ಶಾಸನಗಳು. ಕೆಲಸ ಇನ್ನೂ ನಡೆದಿದೆ.

ಅವರ ನಿಯಮಗಳು ಸರಳ, ಪಾಲಿಸುವುದು ಕಷ್ಟ. ಕಲ್ಲು ಇದ್ದರೆ ಹೋಗಿ ನೋಡಬೇಕು. ಕಲ್ಲು ಇಲ್ಲದಿದ್ದರೆ ಹಸ್ತಪ್ರತಿಗಳನ್ನೆಲ್ಲ ಎದುರಿಗಿಟ್ಟು ಯಾರು ಯಾರಿಂದ ನಕಲು ಮಾಡಿದರು ಎಂದು ವಂಶವೃಕ್ಷ ಬರೆದು, ಮೂಲ ಸಾಕ್ಷಿಯವರೆಗೆ ಹೋಗಬೇಕು. ಹತ್ತು ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ಹತ್ತು ಸಾಕ್ಷಿಯಾಗುವುದಿಲ್ಲ, ಹತ್ತೂ ಒಬ್ಬನಿಂದಲೇ ಬಂದಿದ್ದರೆ ಸಾಕ್ಷಿ ಒಂದೇ. ಆ ಒಬ್ಬ ಬೇರೆ ಕಡೆ ಸುಳ್ಳು ಹೇಳಿದ್ದು ಸಾಬೀತಾಗಿದ್ದರೆ, ಅವನೊಬ್ಬನೇ ಹೇಳುವ ಎಲ್ಲವೂ ಅನುಮಾನಕ್ಕೆ ಒಳಗು. ಅದು ನಿಜವೆಂದು ತೋರಿಸುವ ಹೊಣೆ ನಂಬುವವರದು.

ಹಾಗೆ ಅನುಮಾನಕ್ಕೆ ಒಳಗಾದವನ್ನು ಅವರು ಬಿಸಾಡಲಿಲ್ಲ ಎಂಬುದು ಮುಖ್ಯ. ಪ್ರತಿ ಸಂಪುಟದಲ್ಲೂ ಬೇರೆ ವಿಭಾಗ ಮಾಡಿ, ಕ್ರಮಸಂಖ್ಯೆಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಅಚ್ಚುಹಾಕಿದರು. ರೋಮ್ ನಗರದ ಆರನೇ ಸಂಪುಟದಲ್ಲಿ ಇಂಥ ನಕ್ಷತ್ರ ಹೊತ್ತವು ಮೂರೂವರೆ ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಲಿಗೋರಿಯೊ ಮೂಲಕ ಬಂದವು. ಈ ನಿಯಮ ಕಠಿಣವಾದದ್ದು, ಕೆಲವು ಸಲ ಅನ್ಯಾಯವನ್ನೂ ಮಾಡಿದೆ. ನಕ್ಷತ್ರ ಹೊತ್ತ ಕೆಲವು ಶಾಸನಗಳ ಕಲ್ಲು ಆಮೇಲೆ ಸಿಕ್ಕಿ ಅವು ಅಸಲಿಯೆಂದು ಗೊತ್ತಾಯಿತು. ಆಗ ಅವುಗಳನ್ನು ಮರಳಿ ಒಳಗೆ ತರಲು ಸಾಧ್ಯವಾದದ್ದು ಪಾಠವನ್ನು ಉಳಿಸಿಟ್ಟಿದ್ದರಿಂದ. ಈಚೆಗೆ ವೆನಿಸಿನ ಕಾ ಫೋಸ್ಕರಿ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಹುಸಿ ಶಾಸನಗಳಿಗೆಂದೇ ಒಂದು ಡೇಟಾಬೇಸ್ ಬೆಳೆಯುತ್ತಿದೆ. ಯಾವ ಮಾದರಿಯನ್ನು ಕಟ್ಟುವವರಿಗೂ ಅದು ಅತ್ಯಗತ್ಯ ಸಾಮಗ್ರಿ.

ಕಲ್ಲಿನ ಮೇಲಿನ ಹುಸಿಯನ್ನು ಹಿಡಿಯುವ ಕೆಲವು ಗುರುತುಗಳನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅಕ್ಷರಗಳು ಹಳೆಯ ಬಿರುಕನ್ನು ತಪ್ಪಿಸಿಕೊಂಡು ಕುಳಿತಿದ್ದರೆ ಬಿರುಕು ಮೊದಲು, ಬರಹ ಆಮೇಲೆ. ಸಾಲು ಮುರಿಯುವ ಜಾಗ ಅಚ್ಚಾದ ಪುಸ್ತಕದ ಪುಟದಂತೆಯೇ ಇದ್ದು, ಪುಸ್ತಕದ ಅಚ್ಚಿನ ತಪ್ಪೂ ಕಲ್ಲಿನಲ್ಲಿದ್ದರೆ ಕಲ್ಲೇ ನಕಲು. ರೋಮನ್ನರ ಮೊದಲ ಹೆಸರುಗಳಲ್ಲಿ ಬಳಕೆಯಲ್ಲಿದ್ದವು ಹದಿನೆಂಟರ ಆಸುಪಾಸು, ಅವಕ್ಕೆ ನಿಗದಿಯಾದ ಸಂಕ್ಷೇಪಗಳಿವೆ. ಅದರಾಚೆಯದು ಕಂಡರೆ ಎರಡು ಸಲ ನೋಡಬೇಕು. ಹಾಗಂತ ಹಳೆಯದಲ್ಲದ ಪ್ರತಿ ಕಲ್ಲೂ ಮೋಸವಲ್ಲ. ಕಳೆದುಹೋದ ಶಾಸನದ ನೆನಪಿಗೆಂದು ಊರಿನವರೇ ಮರಳಿ ಕೆತ್ತಿಸಿಟ್ಟ ಪ್ರತಿಗಳೂ ಉಂಟು.

ಚೌಕ ಆವರಣ ಉದುರಿದಾಗ

ಪ್ರಾಮಾಣಿಕವಾದ ಊಹೆಯನ್ನು ಏನು ಮಾಡಬೇಕು? ಇದಕ್ಕೆ ಉತ್ತರ 1931ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಒಪ್ಪಿಕೊಂಡ ಚಿಹ್ನೆಗಳ ಪದ್ಧತಿ. ಸಂಕ್ಷೇಪವನ್ನು ಬಿಡಿಸಿದ್ದು ದುಂಡು ಆವರಣದಲ್ಲಿ. ಕಲ್ಲಿನಲ್ಲಿ ಕಳೆದುಹೋಗಿ ಸಂಪಾದಕ ತುಂಬಿದ್ದು ಚೌಕ ಆವರಣದಲ್ಲಿ. ಪೂರ್ತಿ ಕಾಣದ ಅಕ್ಷರದ ಕೆಳಗೆ ಚುಕ್ಕಿ. ಬೇಕೆಂದೇ ಹೊಡೆದುಹಾಕಿದ್ದು ಜೋಡಿ ಚೌಕ ಆವರಣದಲ್ಲಿ. ಸಮಾಧಿಗಲ್ಲಿನ ಮೇಲಿನ 'ಡಿ ಎಂ' ಎಂಬೆರಡು ಅಕ್ಷರ 'ದೀಸ್ ಮಾನಿಬುಸ್', ಅಂದರೆ 'ಪಿತೃದೇವತೆಗಳಿಗೆ' ಎಂಬುದರ ಸಂಕ್ಷೇಪ. ಅದನ್ನು ಬಿಡಿಸುವುದು ನಿಶ್ಚಿತ ಜ್ಞಾನ, ಹಾಗಾಗಿ ದುಂಡು ಆವರಣ. ಒಡೆದ ಮೂಲೆಯಲ್ಲಿ 'ಡಿ' ಇದ್ದಿರಬೇಕು ಎನ್ನುವುದು ತರ್ಕದಿಂದ ಮಾಡಿದ ಊಹೆ, ಹಾಗಾಗಿ ಚೌಕ ಆವರಣ.

ಆವರಣ ಉದುರಿದರೆ ಏನಾಗುತ್ತದೆ ಎಂಬುದಕ್ಕೆ ರೋಮ್‌ನ ಕೊಲೋಸಿಯಂ ರಂಗಮಂದಿರ ಒಂದು ಉದಾಹರಣೆ. ಅಲ್ಲಿ 1813ರಲ್ಲಿ ಸಿಕ್ಕ ಒಂದು ದೊಡ್ಡ ಕಲ್ಲಿನ ಮೇಲೆ ಐದನೇ ಶತಮಾನದ ದುರಸ್ತಿ ಶಾಸನವಿದೆ. ಆ ಅಕ್ಷರಗಳ ನಡುವೆ ಸಣ್ಣ ತೂತುಗಳೂ ಇವೆ. ಇನ್ನೂ ಹಳೆಯ ಶಾಸನವೊಂದರ ಕಂಚಿನ ಅಕ್ಷರಗಳನ್ನು ಕೂರಿಸಲು ಕೊರೆದ ತೂತುಗಳು ಅವು. ಹೈಡೆಲ್‌ಬರ್ಗ್‌ನ ಗೇಜಾ ಆಲ್‌ಫೋಲ್ಡಿ 1995ರಲ್ಲಿ ಆ ತೂತುಗಳ ಜಾಗವನ್ನು ಅಳೆದು, ಯಾವ ಅಕ್ಷರಕ್ಕೆ ಎಲ್ಲೆಲ್ಲಿ ಕಡ್ಡಿ ಬೇಕಾಗುತ್ತದೆ ಎಂದು ಲೆಕ್ಕಹಾಕಿ ಪಾಠ ಕೊಟ್ಟರು: ಚಕ್ರವರ್ತಿ ವೆಸ್ಪೇಸಿಯನ್ ಯುದ್ಧದ ಕೊಳ್ಳೆಯಿಂದ ಈ ಹೊಸ ರಂಗಮಂದಿರವನ್ನು ಕಟ್ಟಿಸಿದ. ಅವನ ಮಗ ಟೈಟಸ್ ತನ್ನ ಹೆಸರಿನ ಸಂಕ್ಷೇಪವಾದ ಒಂದು 'ಟಿ' ಅಕ್ಷರ ತೂರಿಸಿ ಅದನ್ನು ತನ್ನ ಹೆಸರಿಗೆ ತಿರುಗಿಸಿಕೊಂಡ ಎಂಬುದೂ ಅವರ ವಾದ. ಅದ್ಭುತವಾದ ಕೆಲಸ ಅದು. ಆಲ್‌ಫೋಲ್ಡಿ ತಮ್ಮ ಪಾಠದಲ್ಲಿ ಚೌಕ ಆವರಣಗಳನ್ನೂ ಪ್ರಶ್ನೆಚಿಹ್ನೆಗಳನ್ನೂ ಎಚ್ಚರದಿಂದ ಹಾಕಿದ್ದಾರೆ. ಪ್ರವಾಸಿ ಕೈಪಿಡಿಗಳಿಗೆ, ಜನಪ್ರಿಯ ಪುಸ್ತಕಗಳಿಗೆ ಬರುವಷ್ಟರಲ್ಲಿ ಅವೆಲ್ಲ ಉದುರಿ, 'ಕೊಲೋಸಿಯಂನ ಶಾಸನವೇ ಹೀಗೆ ಹೇಳುತ್ತದೆ' ಎಂದಾಯಿತು.

ತೂತುಗಳನ್ನು ಓದುವ ವಿದ್ಯೆ ಆಲ್‌ಫೋಲ್ಡಿಯವರಿಗಿಂತ ಎಷ್ಟೋ ಮೊದಲಿನದು. ಫ್ರಾನ್ಸಿನ ನೀಮ್ ಊರಿನ ಸೆಗ್ಯೆ 1758ರಲ್ಲಿ ಮೆಜಾಂ ಕಾರೆ ದೇವಾಲಯದ ಮುಂಭಾಗಕ್ಕೆ ಅಟ್ಟಣಿಗೆ ಕಟ್ಟಿಸಿ ಹತ್ತಿ, ತೂತುಗಳ ನಕ್ಷೆ ತೆಗೆದು, ಆಗಸ್ಟಸ್‌ನ ದತ್ತುಪುತ್ರರಾದ ಗಾಯುಸ್ ಮತ್ತು ಲೂಸಿಯುಸ್‌ರ ಹೆಸರನ್ನು ಓದಿದ. ರೋಮ್‌ನ ಫೋರಮ್ಮಿನಲ್ಲಿ ಸೆಪ್ಟಿಮಿಯಸ್ ಸೆವೆರಸ್‌ನ 203ರ ಕಮಾನಿನಲ್ಲಿ, ಕೊಲೆಯಾದ ಅವನ ಮಗ ಗೇಟನ ಹೆಸರು ಅಳಿಸಿ ಬೇರೆ ಮಾತು ಹಾಕಿದ್ದೂ ಹಳೆಯ ತೂತುಗಳಿಂದಲೇ ಗೊತ್ತಾಗುತ್ತದೆ. ಈ ಯಾವುದನ್ನೂ ಪಠ್ಯ ಮಾತ್ರ ನೋಡುವ ಯಂತ್ರ ಕಂಡುಕೊಳ್ಳಲಾರದು. ಇತಿಹಾಸಕಾರ ಅರ್ನ್ಸ್ಟ್ ಬಾಡಿಯಾನ್ 1989ರಲ್ಲೇ 'ಚೌಕ ಆವರಣಗಳಿಂದ ಬರೆದ ಇತಿಹಾಸ'ದ ಬಗ್ಗೆ ಎಚ್ಚರಿಸಿದ್ದರು: ಸಂಪಾದಕ ತುಂಬಿದ ಮಾತನ್ನೇ ಆಧಾರ ಮಾಡಿಕೊಂಡು ಇನ್ನೊಂದು ವಾದ ಕಟ್ಟಿ, ಆ ವಾದದ ಬಲದಿಂದ ಮತ್ತೊಂದು ಕಲ್ಲಿನ ಅಂತರ ತುಂಬುವ ಚಾಳಿ ಅದು.

ಅಕ್ಷರ ಎಣಿಕೆಯೂ ಸೆಂಟಿಮೀಟರೂ

ಪಠ್ಯ ಮಾದರಿಗೆ ಅಂತರ ಎಂದರೆ ಅಕ್ಷರಗಳ ಸಂಖ್ಯೆ. ಕಲ್ಲು ನೋಡುವವನಿಗೆ ಅಂತರ ಎಂದರೆ ಸೆಂಟಿಮೀಟರು. ಲ್ಯಾಟಿನ್ನಿನ 'ಐ' ಒಂದು ಗೀಟು, 'ಎಂ' ಅದರ ಮೂರ್ನಾಲ್ಕು ಪಟ್ಟು ಅಗಲ. ಐದು ಅಕ್ಷರ ಹಿಡಿಯುವ ಜಾಗ ಎಂದು ಕಡತದಲ್ಲಿ ಬರೆದರೆ ಅದರಲ್ಲೇ ಒಂದು ಊಹೆ ಅಡಗಿದೆ. ವಾಡಿಕೆಯ ಕ್ರಮ ಇದು: ಮೊದಲು ಪೂರ್ತಿ ಉಳಿದ ಸಾಲುಗಳ ಉದ್ದ ಅಳೆಯಬೇಕು. ಅದೇ ಕಲ್ಲಿನ ಪ್ರತಿ ಅಕ್ಷರದ ಅಗಲವನ್ನು, ಪದಗಳ ನಡುವಿನ ಚುಕ್ಕಿಯ ಜಾಗ ಸೇರಿಸಿ, ಪಟ್ಟಿ ಮಾಡಬೇಕು. ಊಹಿಸಿದ ಪಾಠವನ್ನು ಆ ಅಗಲಗಳಲ್ಲಿ ಕೂರಿಸಿ ನೋಡಬೇಕು. ಒಡೆದ ಅಂಚಿನಲ್ಲಿ ಉಳಿದ ಗೀಟಿನ ಕೊನೆ ಅದಕ್ಕೆ ಹೊಂದಬೇಕು. ಸಾಲನ್ನು ಮಧ್ಯಕ್ಕೆ ಸೇರಿಸಿ ಕೆತ್ತಿದ್ದರೆ ಎಡಬಲ ಎರಡೂ ಕಡೆಯ ಲೆಕ್ಕ ಕೂಡಬೇಕು. ಯಂತ್ರದ ಇಪ್ಪತ್ತು ಸಲಹೆಗಳಲ್ಲಿ ಹಲವು ಈ ಹಂತದಲ್ಲೇ ಬಿದ್ದುಹೋಗುತ್ತವೆ.

ಇನ್ನೊಂದು ತೊಂದರೆ ಸೂತ್ರದ ಸೆಳೆತ. ಸಮಾಧಿಗಲ್ಲುಗಳ ಭಾಷೆ ಬಹುಮಟ್ಟಿಗೆ ಒಂದೇ ಅಚ್ಚಿನದು: ಹೆಸರು, ಇಷ್ಟು ವರ್ಷ ಬಾಳಿದ, ಇಂಥವರು ನಿಲ್ಲಿಸಿದರು. ವಾಡಿಕೆಯ ಒಕ್ಕಣೆಯನ್ನು ಮಾದರಿ ಚೆನ್ನಾಗಿ ತುಂಬುತ್ತದೆ. ಆದರೆ ಇತಿಹಾಸಕ್ಕೆ ಬೇಕಾಗುವುದು ವಾಡಿಕೆ ತಪ್ಪಿದ ಕಲ್ಲು. 'ಬಾಳಿದ ವರ್ಷ' ಎಂಬ ಮಾತಿನ ಮುಂದೆ ಹತ್ತರ ಗುರುತೊಂದು ಉಳಿದು ಕಲ್ಲು ಒಡೆದಿದ್ದರೆ ಅದು 11 ಆಗಬಹುದು, 15 ಆಗಬಹುದು, 30 ಆಗಬಹುದು. ಅಲ್ಲಿ ಹೆಚ್ಚು ಸಲ ಬರುವ ಸಂಖ್ಯೆಯನ್ನು ಹಾಕಿದರೆ ನಾಳೆ ರೋಮನ್ನರ ಆಯುಸ್ಸಿನ ಲೆಕ್ಕ ಹಾಕುವವರು ಆ ಊಹೆಯನ್ನೇ ಸಾಕ್ಷಿಯೆಂದು ಎಣಿಸುತ್ತಾರೆ.

ಹಾಗಾದರೆ ಬಳಸುವ ಕ್ರಮ ಯಾವುದು? ಯಂತ್ರ ಕೊಟ್ಟ ಅಕ್ಷರಕ್ಕಿಂತ ಅದು ಕೊಟ್ಟ ಸಮಾನ ಶಾಸನಗಳನ್ನು ಮೊದಲು ತೆಗೆದುಕೊಳ್ಳಬೇಕು, ಅವುಗಳನ್ನು ಮೂಲ ಸಂಪುಟದಲ್ಲಿ ತೆಗೆದು ಓದಬೇಕು. ಸಲಹೆಯನ್ನು ಪಾಠದೊಳಗೆ ಹಾಕದೆ ಕೆಳಗಿನ ಪಾಠಾಂತರ ಟಿಪ್ಪಣಿಯಲ್ಲಿ ಇಡಬೇಕು. ಅದು ಎಷ್ಟನೇ ಸಲಹೆ, ಎಷ್ಟು ಸಂಭವ, ಮಾದರಿಯ ಯಾವ ಆವೃತ್ತಿ, ಯಾವ ದಿನಾಂಕ ಎಂದೂ ಬರೆಯಬೇಕು. ಶಾಸನಗಳಿಗೆಂದು ರೂಪಿಸಿರುವ 'ಎಪಿಡಾಕ್' ಎಂಬ ಗುರುತುಪದ್ಧತಿಯಲ್ಲಿ ಕಳೆದ ಪಾಠ, ತುಂಬಿದ ಪಾಠ, ಅದಕ್ಕೆ ಹೊಣೆ ಯಾರು ಎಂಬುದನ್ನೆಲ್ಲ ಬೇರೆಬೇರೆಯಾಗಿ ದಾಖಲಿಸಲು ಅವಕಾಶ ಈಗಾಗಲೇ ಇದೆ. ತೊಂದರೆ ಬರುವುದು ತರಬೇತಿಗೆಂದು ಪಠ್ಯವನ್ನು 'ಶುಚಿ' ಮಾಡುವಾಗ. ಆವರಣ ಕಿತ್ತು ಒಳಗಿನ ಅಕ್ಷರ ಉಳಿಸಿಕೊಂಡರೆ ಮಾದರಿ ಕಲಿಯುವುದು ಹತ್ತೊಂಬತ್ತನೇ ಶತಮಾನದ ಸಂಪಾದಕರ ಅಭ್ಯಾಸವನ್ನು. ಒಳಗಿನ ಅಕ್ಷರವನ್ನೂ ತೆಗೆದರೆ ಪಠ್ಯ ಕಡಿಮೆಯಾಗುತ್ತದೆ, ಆದರೆ ಕಲಿಯುವುದು ಕಲ್ಲಿನಿಂದ. ಯಾವ ಮಾದರಿಯ ಪ್ರಬಂಧ ಓದುವಾಗಲೂ ಮೊದಲು ಹುಡುಕಬೇಕಾದ ಸಾಲು ಇದು.

ಅಂತಿಮವಾಗಿ ಕಲ್ಲಿನ ಬಳಿ ಹೋಗಲೇಬೇಕು. ಹಳೆಯ ವಿಧಾನ ಕಾಗದದ ಅಚ್ಚು. ಕಲ್ಲನ್ನು ನೀರು ಮತ್ತು ಮೃದು ಕುಂಚದಿಂದ ತೊಳೆದು, ಅಂಟು ಹಾಕದ ದಪ್ಪ ಸೋಸುಕಾಗದವನ್ನು ನೆನೆಸಿ ಹಾಸಿ, ಗಟ್ಟಿ ಬಿರುಗೂದಲ ಕುಂಚದಿಂದ ನಡುವಿನಿಂದ ಅಂಚಿನತ್ತ ಬಡಿಯುತ್ತಾರೆ. ಗಾಳಿಗುಳ್ಳೆ ಉಳಿದರೆ ಅಲ್ಲಿ ಅಕ್ಷರ ಮೂಡುವುದಿಲ್ಲ. ಪೂರ್ತಿ ಒಣಗುವ ಮುನ್ನ ಕಿತ್ತರೆ ಕಾಗದ ಹಿಗ್ಗಿ ಅಳತೆ ಕೆಡುತ್ತದೆ. ಅಕ್ಷರದ ಕುಳಿಯಲ್ಲಿ ಹಳೆಯ ಕೆಂಪು ಬಣ್ಣದ ಉಳಿಕೆ ಇರುವ ಕಲ್ಲಿಗೆ, ಪುಡಿಯಾಗುವ ಕಲ್ಲಿಗೆ ಇದನ್ನು ಮಾಡಲೇಬಾರದು. ಅಂಥಲ್ಲಿ ಬೆಳಕಿನ ವಿಧಾನ ಬಳಸುತ್ತಾರೆ: ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಕಲ್ಲಿನ ಪಕ್ಕ ಎರಡು ಹೊಳೆಯುವ ಕಪ್ಪು ಗುಂಡುಗಳನ್ನಿಟ್ಟು, ಬೆಳಕನ್ನು ಬೇರೆಬೇರೆ ಕೋನದಿಂದ ಬಿಟ್ಟು 40-60 ಚಿತ್ರ ತೆಗೆಯುವುದು. ಗುಂಡಿನ ಮೇಲಿನ ಹೊಳಪಿನ ಚುಕ್ಕೆಯಿಂದ ತಂತ್ರಾಂಶ ಬೆಳಕಿನ ದಿಕ್ಕು ಲೆಕ್ಕಹಾಕುತ್ತದೆ. ನಡುವೆ ಸ್ಟ್ಯಾಂಡ್ ಕೊಂಚ ಅಲುಗಿದರೂ ಇಡೀ ಸರಣಿ ಮತ್ತೆ ತೆಗೆಯಬೇಕು. ಸವೆದ ಅಕ್ಷರ ಒಂದು ಕೋನದಲ್ಲಿ ಕಾಣದೆ ಇನ್ನೊಂದರಲ್ಲಿ ಕಾಣುತ್ತದೆ.

ಈ ಕೆಲಸಕ್ಕೆ ಹಣ ಒದಗುವುದು ಕಡಿಮೆಯಾಗುತ್ತಿದೆ. ಆಲ್‌ಫೋಲ್ಡಿಯವರು 1986ರಲ್ಲಿ ಹುಟ್ಟುಹಾಕಿದ ಹೈಡೆಲ್‌ಬರ್ಗ್ ಡೇಟಾಬೇಸ್ 80 ಸಾವಿರಕ್ಕೂ ಹೆಚ್ಚು ಶಾಸನಗಳನ್ನು ಒಂದೊಂದಾಗಿ ಪರಿಶೀಲಿಸಿ ಸೇರಿಸಿತ್ತು. ಅದಕ್ಕಿದ್ದ ಅಕಾಡೆಮಿಯ ಧನಸಹಾಯ 2020-21ರ ಹೊತ್ತಿಗೆ ಮುಗಿಯಿತು. ಈನಿಯಸ್ ನಿಂತಿರುವುದು ಇಂಥ ಪರಿಶೀಲನೆಯ ಮೇಲೆ. ವರ್ಷಕ್ಕೆ ಸುಮಾರು 1,500 ಹೊಸ ಲ್ಯಾಟಿನ್ ಶಾಸನಗಳು ಸಿಗುತ್ತಿವೆ ಎಂದು ಅಂದಾಜು. ಅವನ್ನು ಓದಿ ದಾಖಲಿಸುವವರಿಗೆ ಸಂಬಳವಿಲ್ಲದಿದ್ದರೆ ಮುಂದಿನ ಮಾದರಿಗೆ ಒಳ್ಳೆಯ ದತ್ತಾಂಶ ಎಲ್ಲಿಂದ ಬರಬೇಕು?

ಇದು ಕರ್ನಾಟಕಕ್ಕೂ ದೂರದ ಮಾತಲ್ಲ. ಬಿ. ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಊರೂರು ಸುತ್ತಿ ಮಾಡಿದ ಅದೇ ಬಗೆಯ ಕೆಲಸ. ಕಾಗದದ ಅಚ್ಚಿಗೆ ನಾವು ಪಡಿಯಚ್ಚು ಎನ್ನುತ್ತೇವೆ, ಅದಕ್ಕೆ ಶಾಯಿ ಉಂಟು, ಉಳಿದ ತತ್ವ ಒಂದೇ. ಕೂಟಶಾಸನಗಳ, ಅಂದರೆ ಹುಸಿ ಶಾಸನಗಳ, ತಕರಾರೂ ನಮ್ಮಲ್ಲಿ ಹಳೆಯದೇ. ಶಾಸನತಜ್ಞ ಜೆ. ಎಫ್. ಫ್ಲೀಟ್ 1901ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಹುಸಿ ದಾಖಲೆಗಳ ಪಟ್ಟಿ ಕೊಟ್ಟಾಗ ಗಂಗರ ಹಲವು ತಾಮ್ರಪಟಗಳು ಅದರಲ್ಲಿದ್ದವು. ರೈಸ್ ಅದನ್ನು ಒಪ್ಪಲಿಲ್ಲ. ಈಗ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದೆ. ಕನ್ನಡ ಶಾಸನಗಳಿಗೂ ಇಂಥ ಮಾದರಿ ಬರುವ ದಿನ ದೂರವಿಲ್ಲ. ಅದಕ್ಕೆ ಪಠ್ಯ ಉಣಿಸುವ ಮುನ್ನ ಪ್ರತಿ ಶಾಸನದ ದಾಖಲೆಯಲ್ಲಿ ಇಷ್ಟಾದರೂ ಬೇರೆಬೇರೆ ಕಲಮುಗಳಾಗಿ ಇರಬೇಕು: ಕಲ್ಲನ್ನೋ ಪಟವನ್ನೋ ಕೊನೆಯ ಸಲ ಯಾರು, ಯಾವಾಗ, ಎಲ್ಲಿ ನೋಡಿದರು, ಪಡಿಯಚ್ಚು ಎಲ್ಲಿದೆ, ಯಾವ ಅಕ್ಷರ ತ್ರುಟಿತ, ತುಂಬಿದವರು ಯಾರು. ಗಂಗರ ತಾಮ್ರಪಟಗಳ ಮುಂದೆ ಇನ್ನೂ ಎರಡು ಕಲಮು ಬೇಕು. ಒಂದರಲ್ಲಿ ಫ್ಲೀಟ್ ಸಂಶಯಪಟ್ಟ ಕಾರಣ, ಇನ್ನೊಂದರಲ್ಲಿ ರೈಸ್ ಕೊಟ್ಟ ಉತ್ತರ, ಎರಡೂ ಅವರವರ ಹೆಸರಿನಲ್ಲೇ.